ಗಡಿಯೂರಿನ ಅಪಘಾತಕ್ಕೆ ಯಾವೂರಿನ ವಕೀಲ?

ಸಿರಾ ಕಡೆಯಿಂದ ಹೇಮಾವತಿಗೆ ಬರುವವರಿಗೆ ಕರ್ನಾಟಕ ಎಲ್ಲಿ ಮುಗಿಯಿತು, ಆಂಧ್ರ ಎಲ್ಲಿ ಶುರುವಾಯಿತು ಎಂಬುದು ರಸ್ತೆಬದಿಯ ಬೋರ್ಡಿನ ಅಕ್ಷರ ಬದಲಾದಾಗಷ್ಟೇ ಗೊತ್ತಾಗುತ್ತದೆ. ಹೆಂಜೇರು ಎಂಬ ಹೆಸರಲ್ಲಿ ನೊಳಂಬರ ರಾಜಧಾನಿಯಾಗಿದ್ದ ಊರಿದು. ದೊಡ್ಡೇಶ್ವರ ಗುಡಿಯ ಕಲ್ಲಿನ ಜಾಲಂಧ್ರ ನೋಡಲು ದೂರದಿಂದ ಜನ ಬರುತ್ತಾರೆ. ಶಾಸನ ಕನ್ನಡ, ಮನೆಮಾತು ಕನ್ನಡ, ಸುತ್ತಲ ಎಷ್ಟೋ ಶಾಲೆಗಳೂ ಕನ್ನಡ. ರೇಷನ್ ಕಾರ್ಡು, ಜಮೀನಿನ ಪಾಸ್‌ಬುಕ್ಕು ಮಾತ್ರ ತೆಲುಗು. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ ಸೀಮೆ ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. 1953ರಲ್ಲಿ ಬಳ್ಳಾರಿಯಿಂದ ಕಳಚಿಕೊಂಡ ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಸಂತೆಗೆ ಸಿರಾ, ಕಚೇರಿಗೆ ಮಡಕಶಿರಾ, ದುಡಿಮೆಗೆ ಬೆಂಗಳೂರು ಎಂಬುದು ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ ಕಡೆಯ ಸಾವಿರಾರು ಮನೆಗಳ ಬದುಕು.

ಇಂಥ ಊರಿನವರಿಗೆ ರಸ್ತೆ ಅಪಘಾತವಾದರೆ ಕೇಸು ಹುಟ್ಟುವಾಗಲೇ ಎರಡು ರಾಜ್ಯದ್ದಾಗಿರುತ್ತದೆ. ಬೈಕಿಗೆ ಲಾರಿ ಗುದ್ದಿದ್ದು ಗಡಿಯಾಚೆ ತುಮಕೂರು ಜಿಲ್ಲೆಯಲ್ಲಿ. ಎಫ್‌ಐಆರ್ ಅಲ್ಲಿಯ ಠಾಣೆಯಲ್ಲಿ, ಕನ್ನಡದಲ್ಲಿ. ಮೊದಲ ಚಿಕಿತ್ಸೆ ಸಿರಾ ಸರ್ಕಾರಿ ಆಸ್ಪತ್ರೆಯಲ್ಲಿ, ತಲೆಗೆ ಪೆಟ್ಟಾಗಿದ್ದರೆ ಅಲ್ಲಿಂದ ನಿಮ್ಹಾನ್ಸ್‌ಗೆ. ಲಾರಿ ಮಾಲೀಕ ತಮಿಳುನಾಡಿನವನು, ವಿಮಾ ಕಂಪನಿಯ ಕಚೇರಿ ಬೆಂಗಳೂರಿನಲ್ಲಿ, ಗಾಯಾಳುವಿನ ಆಧಾರ್ ವಿಳಾಸ ಆಂಧ್ರದ್ದು. ಈ ಗೊಂದಲದ ನಡುವೆ ವಾರ್ಡಿನ ಬಾಗಿಲಲ್ಲಿ ಒಬ್ಬ ಪ್ರತ್ಯಕ್ಷನಾಗುತ್ತಾನೆ. "ಏನೂ ಖರ್ಚಿಲ್ಲಣ್ಣ, ಎಲ್ಲಾ ನಮ್ಮ ಲಾಯರ್ ಸಾಹೇಬ್ರು ನೋಡ್ಕೋತಾರೆ. ದುಡ್ಡು ಬಂದ ಮೇಲೆ ಕೊಟ್ರೆ ಸಾಕು. ಇಲ್ಲಿ ಒಂದ್ ಸೈನು, ಅಲ್ಲೊಂದ್ ಸೈನು." ಅವನು ವಕೀಲನಲ್ಲ, ದಲ್ಲಾಳಿ. ಸಹಿ ಬೀಳುವುದು ವಕಾಲತ್ತಿನ ಮೇಲೆ. ಅದರ ಜೊತೆಗೆ ಕೆಲವೊಮ್ಮೆ ಖಾಲಿ ಹಾಳೆಯ ಮೇಲೂ.

ಈ ಸೀಮೆಯ ರಸ್ತೆಗಳಿಗೆ ಅಪಘಾತ ಹೊಸದಲ್ಲ. 2015ರ ಜನವರಿ 7ರಂದು ಮಡಕಶಿರಾದಿಂದ ಪೆನುಕೊಂಡಕ್ಕೆ ಹೊರಟಿದ್ದ ಆಂಧ್ರ ಆರ್‌ಟಿಸಿ ಬಸ್ಸು ಕಂದಕಕ್ಕೆ ಉರುಳಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಬಹಳಷ್ಟು ವಿದ್ಯಾರ್ಥಿಗಳು. 2022ರ ಮಾರ್ಚ್ 19ರಂದು ಪಕ್ಕದ ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆಯ ಬಳಿ ಕಿಕ್ಕಿರಿದಿದ್ದ ಖಾಸಗಿ ಬಸ್ಸು ಮಗುಚಿತು. ಅಲ್ಲೂ ಕಾಲೇಜು ಮಕ್ಕಳೇ. ಅದೇ ವರ್ಷ ಆಗಸ್ಟ್ 25ರ ನಸುಕಿನಲ್ಲಿ ಸಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹತ್ತಿರ ಹೆದ್ದಾರಿಯಲ್ಲಿ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ, ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಒಂಬತ್ತು ಮಂದಿ ಪ್ರಾಣ ಬಿಟ್ಟರು. ಇಂಥ ದೊಡ್ಡ ದುರಂತಕ್ಕೆ ಮಂತ್ರಿಗಳು ಬರುತ್ತಾರೆ, ಪರಿಹಾರದ ಘೋಷಣೆಯೂ ಆಗುತ್ತದೆ. ಒಬ್ಬಂಟಿಯಾಗಿ ಕಾಲು ಮುರಿದುಕೊಂಡವನಿಗೆ ಆ ಭಾಗ್ಯವೂ ಇಲ್ಲ. ಅವನಿಗಿರುವುದು ಮೋಟಾರು ವಾಹನ ಕಾಯಿದೆ ಮತ್ತು ಅವನು ಹಿಡಿಯುವ ವಕೀಲ, ಇಷ್ಟೇ.

ಗಡಿಯವರಿಗೆ ಈ ಕಾಯಿದೆ ಒಂದು ಉಪಕಾರ ಮಾಡಿದೆ. 1988ರ ಕಾಯಿದೆಯ 166ನೇ ಕಲಮಿನ ಪ್ರಕಾರ ಪರಿಹಾರದ ಅರ್ಜಿಯನ್ನು ಅಪಘಾತವಾದ ಜಾಗದ ನ್ಯಾಯಮಂಡಳಿಯಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರ ವಾಸವಿರುವ ಅಥವಾ ಕಸುಬು ಮಾಡುವ ಕಡೆಯಲ್ಲೂ, ಎದುರುದಾರ ಇರುವ ಕಡೆಯಲ್ಲೂ ಹಾಕಬಹುದು. ವಿಮಾ ಕಂಪನಿ ವ್ಯವಹಾರ ನಡೆಸುವ ಊರಿನಲ್ಲಿ ಅರ್ಜಿ ಹಾಕಿದ್ದನ್ನೂ ಸುಪ್ರೀಂ ಕೋರ್ಟ್ 2016ರಲ್ಲಿ ಸರಿಯೆಂದಿದೆ. ಹೇಮಾವತಿಯ ಗಾಯಾಳುವಿನ ಲೆಕ್ಕದಲ್ಲಿ ಇದರ ಅರ್ಥ: ಮನೆ ಕಡೆಗೆ ಹಿಂದೂಪುರ, ಅಪಘಾತವಾದ ಕಡೆಗೆ ಸಿರಾ, ದುಡಿಯುವ ಕಡೆಗೆ ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯ. ಸಿರಾದಲ್ಲಿ ಅದು 'ಎಂವಿಸಿ ಕೇಸು', ಹಿಂದೂಪುರದಲ್ಲಿ 'ಎಂವಿಓಪಿ'. ಕಾಯಿದೆ ಒಂದೇ, ಓಡಾಟ ಮಾತ್ರ ಬೇರೆ.

ಈ ಆಯ್ಕೆ ಗಾಯಾಳುವಿನದು. ಆದರೆ ವಾರ್ಡಿನಲ್ಲಿ ಸಹಿ ಮಾಡಿಸಿಕೊಂಡವನು ತನ್ನ ವಕೀಲರು ಎಲ್ಲಿದ್ದಾರೋ ಅಲ್ಲಿಗೆ ಕೇಸನ್ನು ಒಯ್ಯುತ್ತಾನೆ. ನಾಲ್ಕು ವಾಯಿದೆಗೆ ಬೆಂಗಳೂರಿಗೆ ಹೋಗಿಬರುವಷ್ಟರಲ್ಲಿ ಊರುಗೋಲು ಹಿಡಿದವನು ಸೋತುಹೋಗುತ್ತಾನೆ. ಹಾಗೆಂದು ಹತ್ತಿರದ ಕೋರ್ಟೇ ಯಾವಾಗಲೂ ಸರಿಯೆಂದೂ ಅಲ್ಲ. ಮಹಜರು ಮಾಡಿದ ಪೊಲೀಸರು, ಆಪರೇಷನ್ ಮಾಡಿದ ವೈದ್ಯರು ಎಲ್ಲರೂ ಕರ್ನಾಟಕದವರಾಗಿದ್ದು, ಕಾಗದಪತ್ರವೆಲ್ಲ ಕನ್ನಡದಲ್ಲಿದ್ದರೆ ಹಿಂದೂಪುರದಲ್ಲಿ ಪ್ರತಿಯೊಂದರ ಅನುವಾದ ಕೊಡಬೇಕಾಗುತ್ತದೆ. ವೈದ್ಯರನ್ನು ಅಷ್ಟು ದೂರ ಸಾಕ್ಷಿಗೆ ಕರೆಸುವುದು ಇನ್ನೂ ಕಷ್ಟ. ನನ್ನ ಮಟ್ಟಿಗೆ ಹೇಳುವುದಾದರೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಯಾವ ಕೋರ್ಟು ಹತ್ತಿರವೋ ಅದೇ ಒಳ್ಳೆಯ ಕೋರ್ಟು. ಇದನ್ನು ಕೂತು ಯೋಚಿಸಿ ಹೇಳುವ ವಕೀಲರು ಸಿಕ್ಕರೆ ಅರ್ಧ ಚಿಂತೆ ಕಳೆದಂತೆ. 2011ರ ಜೂನ್‌ನಿಂದ ಯಾವುದೇ ರಾಜ್ಯದ ಬಾರ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡ ವಕೀಲರೂ ದೇಶದ ಯಾವ ಕೋರ್ಟಿನಲ್ಲಾದರೂ ವಾದಿಸಬಹುದಾದ್ದರಿಂದ, ಕನ್ನಡ ಬಲ್ಲ ಸಿರಾದ ವಕೀಲರು ಹಿಂದೂಪುರಕ್ಕೆ ಬರಲು ಕಾನೂನಿನ ಅಡ್ಡಿಯಿಲ್ಲ. ಇನ್ನೊಂದು ಎಚ್ಚರ: ಒಂದೇ ಅಪಘಾತಕ್ಕೆ ಹೆಂಡತಿ ಒಂದು ರಾಜ್ಯದಲ್ಲಿ, ಅಣ್ಣ ಇನ್ನೊಂದು ರಾಜ್ಯದಲ್ಲಿ ಅರ್ಜಿ ಹಾಕಿದರೆ ಮೊದಲು ಹಾಕಿದ್ದೇ ನಿಲ್ಲುತ್ತದೆ, ಮಿಕ್ಕಿದ್ದು ಅಲ್ಲಿಗೆ ವರ್ಗವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ಗಡಿಯ ಎರಡೂ ಕಡೆ ನೆಂಟರಿರುವ ಮನೆಗಳಲ್ಲಿ ಇದು ಆಗದ ಮಾತೇನಲ್ಲ.

ಇನ್ನು ಫೀಜಿನ ವಿಷಯ. ಅಮೆರಿಕದಲ್ಲಿ ಗಾಯಾಳುವಿನ ವಕೀಲರು ಬಂದ ಹಣದಲ್ಲಿ ಮೂರನೇ ಒಂದು ಪಾಲು ತೆಗೆದುಕೊಳ್ಳುವುದು ಸಾಮಾನ್ಯ. 1977ರಿಂದ ಅಲ್ಲಿ ವಕೀಲರು ಜಾಹೀರಾತನ್ನೂ ಕೊಡಬಹುದು. ಹೆದ್ದಾರಿ ಬದಿಯ ದೊಡ್ಡ ಫಲಕಗಳಲ್ಲಿ ನಗುವ ಮುಖಗಳು ಅವರವೇ. ನಮ್ಮಲ್ಲಿ ಎರಡೂ ನಿಷಿದ್ಧ. ಬಾರ್ ಕೌನ್ಸಿಲ್ ನಿಯಮಗಳ ಪ್ರಕಾರ ವಕೀಲರು ಫಲಿತಾಂಶಕ್ಕೆ ಕಟ್ಟಿದ ಫೀಜು ಗೊತ್ತುಮಾಡುವಂತಿಲ್ಲ, ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ, ದಲ್ಲಾಳಿಗಳ ಮೂಲಕ ಕೇಸು ಹುಡುಕುವಂತಿಲ್ಲ. ತೆಲಂಗಾಣದ ಒಬ್ಬ ಮಹಿಳೆಯ ಗಂಡ 1998ರಲ್ಲಿ ಅಪಘಾತದಲ್ಲಿ ತೀರಿಕೊಂಡಿದ್ದರು. ಪರಿಹಾರ ಬಂದ ಮೇಲೆ ವಕೀಲರಿಗೆ ಹತ್ತು ಲಕ್ಷ ಕೊಟ್ಟದ್ದಲ್ಲದೆ ಇನ್ನೂ ಮೂರು ಲಕ್ಷಕ್ಕೆ ಚೆಕ್ ಬರೆಸಿಕೊಂಡರೆಂಬುದು ಆಕೆಯ ದೂರು. ಚೆಕ್ ಬೌನ್ಸ್ ಆದಾಗ ವಕೀಲರೇ ಆಕೆಯ ಮೇಲೆ ಕ್ರಿಮಿನಲ್ ಕೇಸು ಹಾಕಿದರು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ರದ್ದುಮಾಡಿ, ವ್ಯಾಜ್ಯದ ಹಣದಲ್ಲಿ ಶೇಕಡಾವಾರು ಫೀಜು ಕೇಳುವುದು ಸಾರ್ವಜನಿಕ ನೀತಿಗೆ ವಿರುದ್ಧ ಎಂದಿತು.

ನಿಯಮ ಹೀಗಿದ್ದರೂ ರೂಢಿ ಬೇರೆಯೇ ಎಂಬುದು ಕೋರ್ಟಿನ ಆವರಣದ ಚಹಾದಂಗಡಿಯವನಿಗೂ ಗೊತ್ತು. ಇದರಲ್ಲಿ ಎಲ್ಲ ತಪ್ಪನ್ನೂ ವಕೀಲರ ತಲೆಗೆ ಕಟ್ಟಲಾಗದು. ಕೈಯಲ್ಲಿ ಕಾಸಿಲ್ಲದ ಕೂಲಿಯವನ ಕೇಸನ್ನು ವರ್ಷಗಟ್ಟಲೆ ಹೊತ್ತು ನಡೆಸುವ ವಕೀಲರು ಕೊನೆಯಲ್ಲಿ ತಮ್ಮ ದುಡಿಮೆಗೆ ಹಣ ಕೇಳಿದರೆ ಅದು ಪಾಪವಲ್ಲ. ಎಷ್ಟು ಎಂದು ಮೊದಲೇ ಹೇಳದೆ, ರಸೀದಿ ಕೊಡದೆ, ಸಹಿ ಮಾಡಿದ ಖಾಲಿ ಚೆಕ್ ಇಟ್ಟುಕೊಂಡು ಕೊನೆಗೆ ಕತ್ತಿಗೆ ಕೈಹಾಕುವುದು ಪಾಪ. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಬೇಕಾದ ಮಾತುಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಸ್ವಾಮಿ, ನಿಮ್ಮ ಫೀಜು ಒಟ್ಟು ಎಷ್ಟು, ಯಾವಾಗ ಕೊಡಬೇಕು? ಕೋರ್ಟಿಗೆ ನೀವೇ ಬರುತ್ತೀರೋ, ಜೂನಿಯರ್‌ಗಳನ್ನು ಕಳಿಸುತ್ತೀರೋ? ಡಾಕ್ಟರನ್ನು ಸಾಕ್ಷಿ ಕಟಕಟೆಗೆ ತರುವುದು ಯಾರ ಹೊಣೆ, ಅದರ ಖರ್ಚು ಯಾರದು? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರ ಕಚೇರಿಯಿಂದ ಎದ್ದು ಬರುವುದೇ ಮೇಲು.

ಹಿಡಿದ ವಕೀಲರು ಸರಿಹೋಗದಿದ್ದರೆ ಬದಲಾಯಿಸಬಹುದು. ಫೀಜು ಬಾಕಿಯಿದೆ ಎಂದು ಕಡತ ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂಬುದು 2000ನೇ ಇಸವಿಯ ಸುಪ್ರೀಂ ಕೋರ್ಟ್ ತೀರ್ಪು. ಮೋಸವಾದರೆ ದೂರು ಕೊಡಬೇಕಾದದ್ದು ಆಯಾ ರಾಜ್ಯದ ಬಾರ್ ಕೌನ್ಸಿಲ್‌ಗೆ. ಗ್ರಾಹಕರ ನ್ಯಾಯಾಲಯದ ಬಾಗಿಲು 2024ರ ಮೇ ತೀರ್ಪಿನೊಂದಿಗೆ ಮುಚ್ಚಿದೆ.

ವಕೀಲರನ್ನು ಹುಡುಕಲು ಒಂದೆರಡು ವಾರ ತಡವಾದರೂ ಕೆಡುವುದು ಕಡಿಮೆ. ತಡವಾದರೆ ಕೆಡುವುದು ಕಾಗದ. ಅದರಲ್ಲೂ ಒಂದು ಸಾಲು ಎಷ್ಟು ಕೇಸುಗಳನ್ನು ನುಂಗಿದೆಯೋ ಲೆಕ್ಕವಿಲ್ಲ. ರಾತ್ರಿ ಹನ್ನೊಂದಕ್ಕೆ ಗಾಯಾಳುವನ್ನು ಆಸ್ಪತ್ರೆಗೆ ತಂದ ಭಾವಮೈದನನ್ನು ಡ್ಯೂಟಿ ಡಾಕ್ಟರು ಕೇಳುತ್ತಾರೆ, ಹೇಗಾಯ್ತು? ಗಾಬರಿಯಲ್ಲಿದ್ದ ಅವನು "ಬೈಕಿಂದ ಬಿದ್ದ ಸಾರ್" ಎನ್ನುತ್ತಾನೆ. ಹಿಂದಿನಿಂದ ಬಂದ ಟಿಪ್ಪರ್ ಗುದ್ದಿದ್ದರಿಂದ ಬಿದ್ದ ಎಂಬ ಮಾತು ಅವನ ಮನಸ್ಸಿನಲ್ಲೇ ಉಳಿಯುತ್ತದೆ. ಕೇಸ್ ಶೀಟಿನಲ್ಲಿ 'ಸೆಲ್ಫ್ ಫಾಲ್' ಎಂದು ದಾಖಲಾಗುತ್ತದೆ. ಎರಡು ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಪಾಟಿಸವಾಲಿನಲ್ಲಿ ಅದೇ ಹಾಳೆಯನ್ನು ಎತ್ತಿ ಹಿಡಿಯುತ್ತಾರೆ: ನೀನೇ ಬಿದ್ದೆ, ಆಮೇಲೆ ಯಾವುದೋ ಟಿಪ್ಪರ್ ನಂಬರು ಸೇರಿಸಿದೆ, ಹೌದೋ ಅಲ್ಲವೋ? ಸುಳ್ಳು ಕ್ಲೇಮುಗಳ ಹಾವಳಿ ದೇಶದ ಹಲವೆಡೆ ಬಯಲಾಗಿರುವ ಕಾಲದಲ್ಲಿ ನ್ಯಾಯಾಧೀಶರಿಗೂ ಅನುಮಾನ ಬರುವುದು ಸಹಜ. ಆದ್ದರಿಂದ ಜೊತೆಗಿರುವವರು ಮೊದಲು ಮಾಡಬೇಕಾದದ್ದು ಇಷ್ಟು: ಯಾವ ವಾಹನ, ಎಲ್ಲಿ, ಹೇಗೆ ಗುದ್ದಿತು ಎಂಬುದನ್ನು ಡಾಕ್ಟರಿಗೆ ಬಿಡಿಸಿ ಹೇಳಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸೆಂಬ ಆಸ್ಪತ್ರೆಯ ದಾಖಲೆ) ಮಾಡಿಸಿ, ಬರೆದದ್ದನ್ನು ಓದಿಸಿ ಕೇಳಿಸಿಕೊಳ್ಳುವುದು.

ಎರಡನೆಯದು ಎಫ್‌ಐಆರ್. ಅಪಘಾತ ನಮ್ಮ ಸರಹದ್ದಿನಲ್ಲಿ ಆಗಿಲ್ಲ ಎಂದು ಠಾಣೆಯವರು ಅಟ್ಟುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 'ಜೀರೋ ಎಫ್‌ಐಆರ್'ಗೆ ಅವಕಾಶವಿದೆ; ಎಲ್ಲಿ ದೂರು ಕೊಟ್ಟರೂ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ನಾಲ್ಕು ದಿನ ತಡವಾಯಿತೆಂದು ಎದೆಗುಂದಬೇಕಾಗಿಲ್ಲ. ಗಾಯಾಳುವನ್ನು ಬದುಕಿಸಿಕೊಳ್ಳುವ ಆತುರದಲ್ಲಿ ದೂರು ತಡವಾಗುವುದು ಸಹಜ, ಅದೊಂದೇ ಕಾರಣಕ್ಕೆ ಕ್ಲೇಮು ತಿರಸ್ಕರಿಸಬಾರದು ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಚಾಲಕ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರೂ ಪರಿಹಾರದ ಕೇಸು ಸಾಯುವುದಿಲ್ಲ. ಇಲ್ಲಿ ಬೇಕಾದ ರುಜುವಾತಿನ ಮಟ್ಟ ಅಷ್ಟು ಬಿಗಿಯಾದುದಲ್ಲ.

ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ, ಅದು ಪುತ್ತೂರು ಕಟ್ಟು. ಮೂಳೆ ಮುರಿದರೆ ತಿರುಪತಿ ಕಡೆಯ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರುವ ಪದ್ಧತಿ ಈ ಸೀಮೆಯಲ್ಲಿ ಇವತ್ತಿಗೂ ಗಟ್ಟಿ. ಅದರ ಗುಣದ ಬಗ್ಗೆ ಜಗಳವಾಡಲು ನಾನು ಬಂದಿಲ್ಲ. ಎಕ್ಸ್‌ರೇ ಇಲ್ಲದೆ, ಡಿಸ್ಚಾರ್ಜ್ ಸಮ್ಮರಿ ಇಲ್ಲದೆ, ಬಿಲ್ಲಿಲ್ಲದೆ ಕಟ್ಟಿಸಿಕೊಂಡ ಕಟ್ಟಿಗೆ ನ್ಯಾಯಮಂಡಳಿಯಲ್ಲಿ ಬೆಲೆ ಸಿಗುವುದು ಬಲು ಕಷ್ಟ ಎಂಬುದಷ್ಟೇ ನನ್ನ ತಕರಾರು. ಹೋಗುವುದೇ ಆದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ, ಗಾಯದ ಸರ್ಟಿಫಿಕೇಟಿಗೆ ದಾರಿ ಮಾಡಿಕೊಂಡು ಹೋಗಿ. ಮೆಡಿಕಲ್ ಶಾಪಿನ ಚೀಟಿ, ಆಂಬುಲೆನ್ಸ್ ರಸೀದಿ, ಎಲ್ಲವೂ ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ. ಖರ್ಚಿನ ಭಯಕ್ಕೆ ಆಸ್ಪತ್ರೆ ತಪ್ಪಿಸುವವರಿಗೆ ಗೊತ್ತಿರಲಿ: 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಯಾವ ರಾಜ್ಯದವನೆಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ.

ಒಳ್ಳೆಯ ವಕೀಲರಿಗೂ ಸಾಧಾರಣ ವಕೀಲರಿಗೂ ಇರುವ ವ್ಯತ್ಯಾಸ ಎಷ್ಟೆಂದು ಲೆಕ್ಕ ಹಾಕಿ ನೋಡೋಣ. ಅಮರಾಪುರದ ಕಡೆಯ, ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ 34 ವರ್ಷದ ಒಬ್ಬನನ್ನು ಊಹಿಸಿಕೊಳ್ಳಿ. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಾನೆ, ಪೇಸ್ಲಿಪ್ಪು ಇಲ್ಲ. ತೊಡೆಮೂಳೆ ಮುರಿದು, ರಾಡು ಹಾಕಿಸಿಕೊಂಡು ಕುಂಟುತ್ತಾನೆ. ವೈದ್ಯರು ಕಾಲಿಗೆ ಶೇ 30 ಊನ, ಇಡೀ ದೇಹಕ್ಕೆ ಲೆಕ್ಕ ಹಿಡಿದರೆ ಶೇ 10 ಎಂದು ಬರೆದಿದ್ದಾರೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35 ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸಬೇಕಾದ ಸಂಖ್ಯೆ, 16. 2017ರ ಪ್ರಣಯ್ ಸೇಠಿ ತೀರ್ಪಿನಂತೆ, ಸ್ವಂತ ದುಡಿಮೆಯ ನಲವತ್ತರೊಳಗಿನವರಿಗೆ ಮುಂದೆ ಹೆಚ್ಚಬಹುದಾದ ಆದಾಯವೆಂದು ಶೇ 40 ಸೇರಿಸಬೇಕು. ಗಾಯದ ಕೇಸುಗಳಿಗೂ ಇದು ಅನ್ವಯವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಆದಾಯಕ್ಕೆ ದಾಖಲೆಯಿಲ್ಲ ಎಂದು ನ್ಯಾಯಮಂಡಳಿ 10,000 ರೂಪಾಯಿ ಹಿಡಿದು, ಊನವನ್ನು ಶೇ 10 ಎಂದೇ ಒಪ್ಪಿದರೆ ದುಡಿಮೆಯ ನಷ್ಟಕ್ಕೆ ಬರುವುದು 2,68,800. ಇವನ ಜೊತೆ ಕೆಲಸ ಮಾಡಿದ ಮೇಸ್ತ್ರಿಯನ್ನು ಸಾಕ್ಷಿಗೆ ಕರೆಸಿ, ಫೋನ್‌ಪೇಗೆ ಬೀಳುತ್ತಿದ್ದ ಬಟವಾಡೆ ತೋರಿಸಿ 15,000 ಎಂದು ಒಪ್ಪಿಸಿದರೆ? ಕುಂಟುವವನು ಸಾರುವೆ ಹತ್ತಲಾರ, ಹಲಗೆ ಹೊರಲಾರ, ಹಾಗಾಗಿ ಅವನ ಕಸುಬಿನ ಮಟ್ಟಿಗೆ ನಷ್ಟ ಶೇ 30 ಎಂದು ವೈದ್ಯರ ಬಾಯಿಂದಲೇ ಹೇಳಿಸಿದರೆ? ಆಗ ಅದೇ ಕಾಲಿಗೆ, ಅದೇ ರಾಡಿಗೆ 12,09,600. ನೋವು, ಔಷಧ, ಆರೈಕೆಯ ಬಾಬತ್ತು ಬೇರೆ. ವಕೀಲರ ಕೆಲಸವೆಂದರೆ ಈ ನಾಲ್ಕೂವರೆ ಪಟ್ಟಿನ ಅಂತರ. ಉಳಿದದ್ದೆಲ್ಲ ಗುಮಾಸ್ತರೂ ಮಾಡುವ ಕೆಲಸ.

ಈ ವಾದಕ್ಕೆ ಬುನಾದಿ ಸುಪ್ರೀಂ ಕೋರ್ಟಿನ 2010ರ ರಾಜ್ ಕುಮಾರ್ ತೀರ್ಪು. ದೇಹಕ್ಕಾದ ಊನದ ಶೇಕಡಾವಾರು ಬೇರೆ, ದುಡಿಮೆಗಾದ ನಷ್ಟ ಬೇರೆ ಎಂದು ಅದು ಬಿಡಿಸಿ ಹೇಳಿತು. ಎಡಗೈ ಹೋದ ಬಡಗಿಗೆ ಅಥವಾ ಡ್ರೈವರ್‌ಗೆ ಹೆಚ್ಚುಕಡಿಮೆ ಎಲ್ಲವೂ ಹೋದಂತೆ. ಅದೇ ಕೈ ಹೋದ ಸರ್ಕಾರಿ ಗುಮಾಸ್ತ ಸಂಬಳ ಕಳೆದುಕೊಳ್ಳದೇ ಇರಬಹುದು. ಚಿಕಿತ್ಸೆಯನ್ನೇ ಕೊಡದೆ ಸರ್ಟಿಫಿಕೇಟು ಬರೆದುಕೊಡುವ ವೈದ್ಯರ ಬಗ್ಗೆ ಎಚ್ಚರವಿರಲಿ ಎಂದೂ ಆ ತೀರ್ಪು ನ್ಯಾಯಮಂಡಳಿಗಳಿಗೆ ಹೇಳಿದೆ. ಆದ್ದರಿಂದ "ನಮ್ಮ ಡಾಕ್ಟ್ರ ಹತ್ರ ಜಾಸ್ತಿ ಪರ್ಸೆಂಟ್ ಬರೆಸ್ಕೊಡ್ತೀನಿ" ಎನ್ನುವ ವಕೀಲರಿಂದ ದೂರವಿರಿ. ಕರ್ನಾಟಕದಿಂದಲೇ ಹೋದ ಇನ್ನೊಂದು ಕೇಸಿನಲ್ಲಿ, ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ಆದಾಯಕ್ಕೆ ದಾಖಲೆಯಿಲ್ಲದಿದ್ದರೂ ಸುಪ್ರೀಂ ಕೋರ್ಟ್ 2014ರಲ್ಲಿ ತಿಂಗಳಿಗೆ 6,500 ರೂಪಾಯಿ ಹಿಡಿದು, ದುಡಿಮೆಯ ನಷ್ಟವನ್ನು ಶೇ 85 ಎಂದಿತು. ಮನೆಯೊಳಗೆ ದುಡಿಯುವ ಹೆಂಗಸಿನ ಕೆಲಸಕ್ಕೂ ಹಣದ ಬೆಲೆ ಕಟ್ಟಬೇಕೆಂಬುದು 2021ರ ಮಾತು. ಹೊಲದಲ್ಲೂ ಮನೆಯಲ್ಲೂ ದುಡಿಯುವ ನಮ್ಮ ಕಡೆಯ ಅಕ್ಕತಂಗಿಯರ ಅರ್ಜಿಯಲ್ಲಿ 'ಗೃಹಿಣಿ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ವಕೀಲರಿಗೆ ಈ ತೀರ್ಪನ್ನು ನೆನಪಿಸಬೇಕು.

ಕೂಲಿಗಳ ಓಡಾಟದ ಬಗ್ಗೆ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಕಡಲೆಕಾಯಿ ಕೀಳಲು, ಟೊಮೆಟೊ ಬಿಡಿಸಲು ಹೋಗುವ ಹೆಣ್ಣಾಳುಗಳು ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ, ಟಾಟಾ ಏಸ್‌ನಲ್ಲಿ ನಿಂತು ಹೋಗುವುದು ದಿನದ ನೋಟ. ಸರಕು ಸಾಗಿಸುವ ವಾಹನದಲ್ಲಿ ಸುಮ್ಮನೆ ಹತ್ತಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ಎರಡು ದಶಕದ ಹಿಂದೆಯೇ ತೀರ್ಮಾನಿಸಿದೆ. ತನ್ನ ಮೂಟೆಯೊಂದಿಗೆ ಲಗೇಜ್ ಗಾಡಿಯಲ್ಲಿ ಕೂತ ರೈತನಿಗೆ ರಕ್ಷಣೆ ಇದೆ, ಅದೇ ಗಾಡಿಯಲ್ಲಿ ಕೂಲಿಗೆ ಹೊರಟವಳಿಗೆ ಇಲ್ಲ. ಇದು ನ್ಯಾಯವೇ ಎಂದು ಕೇಳಿದರೆ ನನ್ನ ಉತ್ತರ, ಅಲ್ಲ. ಆದರೆ ಕಾಯಿದೆ ಇರುವುದು ಹೀಗೆ. ಅಂಥ ಕೇಸಿನಲ್ಲಿ ಹಣ ಬರಬೇಕಾದದ್ದು ಮಾಲೀಕನಿಂದ, ಅವನೋ ಪಕ್ಕದ ಬೀದಿಯವನು, ಸಾಲ ಮಾಡಿ ಗಾಡಿ ತಂದವನು. ಮಿತಿಮೀರಿ ತುಂಬಿದ ಆಟೋ ಮಗುಚಿದರೆ ಪರ್ಮಿಟ್ ಇರುವಷ್ಟು ಜನರ ಮಟ್ಟಿಗೆ ಮಾತ್ರ ಕಂಪನಿ ಹೊಣೆ. ಆ ಹಣವನ್ನೇ ಎಲ್ಲ ಗಾಯಾಳುಗಳಿಗೂ ಹಂಚಬೇಕಾಗುತ್ತದೆ. ಇದನ್ನು ಮೊದಲ ದಿನವೇ ಹೇಳುವ ವಕೀಲರು ಕಹಿಯಾಗಿ ಕಂಡರೂ ನಂಬಿಕಸ್ಥರು. "ಕೂಲಿಗೆ ಹೊರಟಿದ್ದೆ ಅನ್ಬೇಡ, ರಸ್ತೇಲಿ ನಡ್ಕೊಂಡು ಹೋಗ್ತಿದ್ದೆ ಅನ್ನು" ಎಂದು ಕಲಿಸುವವರು ಕೇಸನ್ನೂ ಮುಳುಗಿಸಿ ನಿಮ್ಮನ್ನೂ ಸುಳ್ಳುಸಾಕ್ಷಿಯ ಅಪರಾಧಕ್ಕೆ ಸಿಕ್ಕಿಸುತ್ತಾರೆ.

ಗುದ್ದಿ ಓಡಿಹೋದ ವಾಹನ ಸಿಗದೇ ಹೋದರೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿಯ ಸರ್ಕಾರಿ ಯೋಜನೆ 2022ರಿಂದ ಇದೆ. ಅರ್ಜಿ ಹೋಗುವುದು ಕಂದಾಯ ಅಧಿಕಾರಿಗಳಿಗೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಇದಕ್ಕೆ ವಕೀಲರು ಬೇಕಾಗಿಯೇ ಇಲ್ಲ. ಡ್ಯೂಟಿಯಲ್ಲಿದ್ದಾಗ ಗಾಯಗೊಂಡ ಡ್ರೈವರ್, ಕ್ಲೀನರ್‌ಗಳು 1923ರ ನೌಕರರ ಪರಿಹಾರ ಕಾಯಿದೆಯ ದಾರಿಯನ್ನೂ ಹಿಡಿಯಬಹುದು, ಆದರೆ ಎರಡರಲ್ಲಿ ಒಂದು.

ಅರ್ಜಿಗೆ ಗಡುವೆಷ್ಟು? 1994ರಲ್ಲಿ ತೆಗೆದುಹಾಕಿದ್ದ ಆರು ತಿಂಗಳ ಮಿತಿ 2022ರ ಏಪ್ರಿಲ್ 1ರಿಂದ ಮರಳಿ ಬಂದಿದೆ. ಅದರ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, ಅವಧಿ ಮೀರಿದೆ ಎಂಬ ಕಾರಣಕ್ಕೆ ಸದ್ಯಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂಬ ಮಧ್ಯಂತರ ಆದೇಶ 2025ರ ನವೆಂಬರ್‌ನಲ್ಲಿ ಬಂದಿದೆ. ಮಧ್ಯಂತರ ಆದೇಶದ ನೆರಳಲ್ಲಿ ಮಲಗುವುದು ಬೇಡ, ಆರು ತಿಂಗಳೊಳಗೆ ಅರ್ಜಿ ಬೀಳಲಿ.

ತೀರ್ಪಿನ ನಂತರವೂ ವಕೀಲರ ಕೆಲಸ ಮುಗಿಯದು. ಹಣ ಕಡಿಮೆಯೆನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ತಕರಾರಿನ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಅದಕ್ಕೂ ಅವಕಾಶವಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಬೇಗ ಹಣ ಬರುತ್ತದೆ, ಅದು ನಿಜ. ಆದರೆ ಅಲ್ಲಿ ಒಪ್ಪಿದ ಮೊತ್ತದ ಮೇಲೆ ಅಪೀಲಿಲ್ಲ. ವಕೀಲರು "ಇಷ್ಟಕ್ಕೆ ಮುಗಿಸಿಬಿಡೋಣ" ಎಂದರೆ ಎದುರು ಕೂತು ಲೆಕ್ಕ ಬಿಡಿಸಿ ಹೇಳಿ ಎನ್ನಿ. ಸಾರಿಗೆ ನಿಗಮಗಳು ಹಣ ಕಟ್ಟದೆ ಎಳೆದಾಡಿದಾಗ ಅಮೀನರು ಬಂದು ನಿಲ್ದಾಣದಲ್ಲೇ ಬಸ್ಸು ಜಪ್ತಿ ಮಾಡಿದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದಕ್ಕೆ ಅಮಲ್ಜಾರಿ ಅರ್ಜಿ ಹಾಕಬೇಕು, ಅದೂ ಫೀಜಿನೊಳಗೆ ಸೇರಿದೆಯೇ ಎಂದು ಮೊದಲೇ ಕೇಳಿರಬೇಕು. ಪರಿಹಾರದ ಹಣವನ್ನು ನೇರವಾಗಿ ಗಾಯಾಳುವಿನ ಬ್ಯಾಂಕ್ ಖಾತೆಗೆ ಹಾಕುವ ವ್ಯವಸ್ಥೆಯಾಗಲಿ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಖಾತೆಯ ಪಾಸ್‌ಬುಕ್ಕು, ಎಟಿಎಂ ಕಾರ್ಡು ನಿಮ್ಮ ಟ್ರಂಕಿನಲ್ಲಿರಲಿ, ಇನ್ನಾರ ಕಪಾಟಿನಲ್ಲೂ ಅಲ್ಲ.

ಫೀಜು ಕೊಡಲಾಗದವರಿಗೆ ದಾರಿ ಇಲ್ಲದಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಡಿ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ; ಉಳಿದವರಿಗೆ ಆದಾಯದ ಮಿತಿಯುಂಟು. 15100ಕ್ಕೆ ಫೋನ್ ಮಾಡಬಹುದು, ಮಡಕಶಿರಾ ಅಥವಾ ಸಿರಾ ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ವಿಚಾರಿಸಬಹುದು. ಇಷ್ಟೇ ಅಲ್ಲ. 2022ರ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು, ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಬಹುದು. ಅಂದರೆ ವಕೀಲರ ಮನೆ ಬಾಗಿಲು ತಟ್ಟುವ ಮೊದಲೇ ಕೇಸು ಶುರುವಾಗಿರಬಹುದು. ಗಾಯಾಳುವಿನ ಹಕ್ಕುಗಳೇನು ಎಂಬ ನಮೂನೆಯನ್ನು ಹತ್ತು ದಿನದೊಳಗೆ ಗಾಯಾಳುವಿಗೆ ಕೊಡಬೇಕಾದದ್ದೂ ಅದೇ ಪೊಲೀಸರ ಕರ್ತವ್ಯ.

ಆ ನಮೂನೆ ಕನ್ನಡ ಓದುವವರ ಕೈಗೆ ಕನ್ನಡದಲ್ಲೇ ಬರಬೇಕು. ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ, ಮಡಕಶಿರಾ ಮಂಡಲಗಳ ಠಾಣೆಗಳಲ್ಲಿ, ರಾಯದುರ್ಗದಲ್ಲಿ, ಸಿರಾ ಮತ್ತು ಪಾವಗಡದ ಆಸ್ಪತ್ರೆಗಳ ತುರ್ತು ವಿಭಾಗದ ಗೋಡೆಯ ಮೇಲೆ ಎರಡೂ ಭಾಷೆಯಲ್ಲಿ ಅದನ್ನು ಅಂಟಿಸಲು ಎರಡು ರಾಜ್ಯಗಳ ಕಾನೂನು ಸೇವಾ ಪ್ರಾಧಿಕಾರಗಳಿಗೆ ಹೊಸ ಕಾಯಿದೆ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ದಲ್ಲಾಳಿಗಿಂತ ಮೊದಲು ಆ ಹಾಳೆ ಗಾಯಾಳುವಿನ ಹಾಸಿಗೆ ಮುಟ್ಟುವಂತೆ ಮಾಡಿ ಎಂದು ಎರಡೂ ಕಡೆಯ ಅಧಿಕಾರಿಗಳಲ್ಲಿ ವಿನಂತಿ.